ನೀರು ಕುಡಿದು ಮಲಗಿದ ಗೋಡೆಯ ವಿಚಾರ

ಈ ಕಾಗದ ಒಡೆದು ಓದುತ್ತಿರುವವರು ಯಾರೇ ಆಗಿರಲಿ, ಮೊದಲು ಆ ಕಾಫಿ ಲೋಟ ಕೆಳಗಿಟ್ಟು ನೆಟ್ಟಗೆ ಕೂತುಕೊಳ್ಳಿ. ಹಿಂದಿನ ಎರಡು ಕಾಗದಗಳನ್ನು ಓದದೆ ಮಡಿಸಿ ಮೇಜಿನ ಕಾಲಿಗೆ ಒತ್ತು ಕೊಟ್ಟವರು ನೀವೇ ಎಂದು ನನಗೆ ಗುಮಾನಿ, ಇದಕ್ಕೂ ಅದೇ ಗತಿಯಾದರೆ ಬೀರೂರಿನಲ್ಲಿ ರೈಲು ಹತ್ತಿ ಬಂದು ಆ ಮೇಜಿನ ಮೇಲೇ ಕೂರುತ್ತೇನೆ.

ತೆಂಗಿನ ನಾರಿನ ಪುಡಿಯನ್ನು ಒತ್ತಿ ಚೌಕ ಮಾಡಿ ಊರೂರಿಗೆ ಕಳಿಸುವ ಕಂಪನಿಯ ಮಾನ್ಯ ಮ್ಯಾನೇಜರ್ ಸಾಹೇಬರೇ, ಕಡೂರು ತಾಲ್ಲೂಕಿನ ಅಂಜಿನಮ್ಮನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದು ಬರೆದದ್ದು ಮರ್ಯಾದೆಗೆ ಮಾತ್ರ. ನನ್ನ ಮಂಡಿ ಬಗ್ಗುವುದು ನಿಂತು ಮೂರು ವರ್ಷವಾಯಿತು, ಈ ತಕರಾರಿನ ಬುಡವೂ ಅದೇ.

ನಿಂತುಕೊಂಡೇ ಸೊಪ್ಪು ಕೀಳಲೆಂದು ಸುತ್ತ ಗೋಡೆ ಎಬ್ಬಿಸಿ ಒಳಗೆ ಮಣ್ಣು ತುಂಬುವ ಸೊಂಟದೆತ್ತರದ ಮಡಿ ಕಟ್ಟಿಸುವ ಯೋಚನೆ ಮೊಮ್ಮಗಳು ಧನುಶ್ರೀಯದು, ಫೋನಿನಲ್ಲಿ ನಿಮ್ಮ ಚೌಕ ತರಿಸಿದವಳೂ ಅವಳೇ. ಪಾರ್ಸೆಲ್ ಬಂದ ದಿನ ಅವಳು ಪರೀಕ್ಷೆಗೆ ಹೋಗಿದ್ದಳು. ನಾನೂ ಗಾರೆ ಕೆಲಸದ ಕರಿಯಣ್ಣನೂ ಬಿಚ್ಚಿ ನೋಡಿದರೆ ಇಟ್ಟಿಗೆಯ ಹಾಗೆ ಮೂಲೆ ನೇರ, ಮೈ ಕಲ್ಲಿನಷ್ಟು ಗಟ್ಟಿ. ಹೊದಿಕೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪುರಾಣ, ಕನ್ನಡದಲ್ಲಿ ಒಂದಕ್ಷರವಿಲ್ಲ, ಚಿತ್ರದಲ್ಲಿ ಮಾತ್ರ ಚೌಕಗಳ ಮೇಲೆ ಟೊಮ್ಯಾಟೊ ಗಿಡ ನಗುತ್ತಾ ನಿಂತಿದೆ. "ಗೋಡೆಗೇ ಅಂತ ಕಳ್ಸವ್ರೆ ಕಣಮ್ಮೋ, ಏನ್ ಅಚ್ಚುಕಟ್ಟು!" ಎಂದ ಕರಿಯಣ್ಣ. ಕಾಂಪೌಂಡಿನ ಮೂಲೆಯಲ್ಲಿ ಎರಡು ಕಡೆ ಗೋಡೆ ಮೊದಲೇ ಇತ್ತು, ಉಳಿದೆರಡು ಕಡೆ ನಿಮ್ಮ ಚೌಕಗಳು ಎದ್ದವು.

ಒಳಗಿನ ಮಣ್ಣಿಗೆ ನನಗೆ ಯಾರ ಪಾಠವೂ ಬೇಕಿರಲಿಲ್ಲ: ಎರಡು ಪಾಲು ಕೆರೆಯ ಗೋಡು ಮಣ್ಣು, ಒಂದು ಪಾಲು ವರ್ಷ ಕಳೆದ ತಿಪ್ಪೆಗೊಬ್ಬರ, ನಾಲ್ಕು ಬುಟ್ಟಿ ಕುರಿ ಹಿಕ್ಕೆ, ಮೇಲಿಷ್ಟು ಒಲೆ ಬೂದಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳು ತಾಗಿದರೆ ಉದುರಬೇಕು, ಹಾಗೇ ಉದುರಿತು. ಬೀಜ ಹಾಕುವ ಮುಂಚೆ ಮಣ್ಣು ಕೂರಲೆಂದು ಹನ್ನೆರಡು ಕೊಡ ನೀರು ಹುಯ್ದೆವು.

ತಮ್ಮ ಮಹಿಮೆ ಆಗ ತಿಳಿಯಿತು. ಗೋಡೆಗೂ ಬಾಯಾರಿಕೆಯಾಗುತ್ತದೆಂದು ನನಗೆ ಗೊತ್ತಿರಲಿಲ್ಲ ಸ್ವಾಮಿ! ಇದ್ದ ನೀರನ್ನೆಲ್ಲ ಹೀರಿ, ಎರಡನೇ ಪಂಕ್ತಿಯಲ್ಲೂ ಕೂತೆದ್ದ ಬೀಗರ ಹಾಗೆ ಉಬ್ಬಿ, ಸಂಜೆಯೊಳಗೆ ಅಂಗಳದ ತುಂಬ ಕಾಲು ಚಾಚಿ ಮಲಗಿಬಿಟ್ಟಿತು. "ನಿನ್ ತೋಟ ನನ್ ಗಾಡಿ ಹತ್ತೈತೆ ಕಣಜ್ಜಿ, ಇಳ್ಸು!" ಎಂದು ಮೊಮ್ಮಗ ಹೊನ್ನೇಶ ಅರ್ಧ ಗಾಲಿ ಹೂತ ಬೈಕಿನ ಪಕ್ಕ ನಿಂತು ಕೂಗಿದ. ಕರಿಯಣ್ಣ ಅವತ್ತಿನಿಂದ ನಮ್ಮ ಬೀದಿಗೇ ಬಂದಿಲ್ಲ. ಈ ತಿಂಗಳೊಳಗೆ ಮಡಿ ಎದ್ದು ನಿಲ್ಲದಿದ್ದರೆ ಆ ಮೂಲೆಗೆ ಶೀಟು ಹೊದಿಸಿ ಬೈಕ್ ನಿಲ್ಲಿಸುತ್ತಾನಂತೆ ಹೊನ್ನೇಶ. ಬುದ್ಧಿ ಬಂದಾಗಿನಿಂದ ಮಣ್ಣಲ್ಲಿ ಕೈಯಾಡಿಸಿದ ನಾನು ಇನ್ನು ಬೈಕಿಗೆ ನೀರು ಹಾಕಿ ಬೆಳೆಸಬೇಕು.

ಧನುಶ್ರೀ ಬಂದು ಹೊದಿಕೆ ಓದಿ, ಹೊಟ್ಟೆ ಹಿಡಿದು ನಕ್ಕು, ಇದು ಗೋಡೆಯಲ್ಲ, ನೆನೆಸಿ ಮಣ್ಣಿಗೆ ಬೆರೆಸುವ ಪುಡಿ ಎಂದಳು. ನಮ್ಮ ಮರದ ಕಾಯಿ ಸುಲಿದ ಮಟ್ಟೆಯನ್ನು ಅಂಗಳ ಖಾಲಿಯಾದರೆ ಸಾಕೆಂದು ನಾವು ಲಾರಿಗೆ ತುಂಬಿ ಕಳಿಸುತ್ತೇವೆ. ಅದನ್ನೇ ಅರೆದು, ಒತ್ತಿ, ಗಿಡದ ಚಿತ್ರ ಅಂಟಿಸಿ ನಮ್ಮ ಅಂಗಳಕ್ಕೇ ತಂದು ಕೆಡವುವ ತಮ್ಮ ಜಾಣತನಕ್ಕೆ ಹಾರ ಹಾಕಬೇಕು, ಬಾಗಿಲಿಗೆ ಬಂದರೆ ಹಾಕುತ್ತೇನೆ.

ಆದಕಾರಣ ಹೊದಿಕೆಯ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ‘ಇದು ಗೋಡೆಯಲ್ಲ’ ಎಂದು ಬರೆಸುವುದು. ಮತ್ತು ಹೆಚ್ಚು ನೀರು ಕುಡಿಯುವ ಅಭ್ಯಾಸವಿಲ್ಲದ ನಾಲ್ವರು ನೌಕರರನ್ನು ಕಳಿಸಿ, ದಂಟಿನ ಸೊಪ್ಪು ಕೀಳುವವರೆಗೆ ಮಡಿಯ ಎರಡು ಕಡೆ ಅಲ್ಲಾಡದಂತೆ ನಿಲ್ಲಿಸುವುದು. ಊಟ ನಮ್ಮದು.

ಇಷ್ಟೆಲ್ಲ ಆದಮೇಲೂ ತಮ್ಮ ವಿಶ್ವಾಸಿ,
ಅಂಜಿನಮ್ಮ

ಮರೆತ ಮಾತು: ಬಿದ್ದ ರಾಶಿಯಲ್ಲಿ ನಿಮ್ಮ ಪುಡಿಯೂ ನನ್ನ ಮಣ್ಣೂ ಬೆರೆತು ಎಂಥ ಹದ ಬಂದಿದೆಯೆಂದರೆ, ಗೊಬ್ಬರದಲ್ಲಿದ್ದ ದಂಟಿನ ಬೀಜ ಯಾರನ್ನೂ ಕೇಳದೆ ಮೊಳೆತು ಗೇಣುದ್ದ ಎದ್ದಿದೆ, ತುಳಿಯಲು ಮನಸ್ಸು ಬಾರದೆ ಹೊನ್ನೇಶನೇ ಬೈಕನ್ನು ಬೀದಿಯಲ್ಲಿ ನಿಲ್ಲಿಸುತ್ತಿದ್ದಾನೆ. ಇದನ್ನು ಹೊಗಳಿಕೆಯೆಂದುಕೊಂಡು ಹೊದಿಕೆಯ ಮೇಲೆ ಅಚ್ಚು ಹಾಕಿಸಬೇಡಿ. ಸೊಪ್ಪು ನೆಲದಲ್ಲಿದೆ, ನನ್ನ ಕೈ ಸೊಂಟದಿಂದ ಕೆಳಗಿಳಿಯುವುದಿಲ್ಲ. ಗೋಡೆಯಾಗಿ ನಿಲ್ಲುವವರು ಸಿಗದಿದ್ದರೆ ಬಗ್ಗಿ ಕೀಳುವವರನ್ನಾದರೂ ಕಳಿಸಿ, ತಾವೇ ಬಂದರೂ ಆದೀತು. ದಂಟು ಬಲಿತರೆ ಬರೀ ನಾರು, ನಾರಿನ ವ್ಯಾಪಾರ ತಮ್ಮದು, ನನ್ನದಲ್ಲ. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆಯಿರಿ.