ಜಾಲಿಕಂಟಿಯವರೆಗೆ ಒಂದು ಭರ್ಜರಿ ಹೊಡೆತ

ಗಾಲ್ಫ್ ಬಲು ಸುಲಭದ ಆಟ ಎಂದು ನಾನು ನಂಬಿದ್ದೆ. ಚೆಂಡು ಅಲ್ಲಾಡದೆ ನೆಲದ ಮೇಲೆ ಕುಳಿತಿರುತ್ತದೆ. ಎದುರಿನಿಂದ ಯಾರೂ ಎಸೆಯುವುದಿಲ್ಲ, ಹಿಂದಿನಿಂದ ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ. ಇದ್ದಬದ್ದ ಬಲವನ್ನೆಲ್ಲ ಹಾಕಿ ಬಾರಿಸಿದರೆ ಆಯಿತು! ಇದರಲ್ಲಿ ಯೋಚನೆ ಮಾಡುವುದೇನಿದೆ?

ನಾನು ಅಮರಗೋಳದ ಮಾರುಕಟ್ಟೆಯಲ್ಲಿ ಒಣಮೆಣಸಿನಕಾಯಿ ವ್ಯಾಪಾರಿ. ಅಂಗಡಿಯಲ್ಲಿ ನನ್ನಷ್ಟು ಹುಷಾರಿನ ಮನುಷ್ಯ ಇನ್ನೊಬ್ಬನಿಲ್ಲ. ಚೀಲದೊಳಗೆ ಮೊಳಕೈತನಕ ಕೈ ಹಾಕಿ, ತಳದ ಕಾಯಿ ತೆಗೆದು, ಮುರಿದು, ಮೂಸಿ ನೋಡದೆ ಮಾತೇ ಆಡುವುದಿಲ್ಲ. ಅಂಥವನಿಗೆ ಗಾಲ್ಫ್ ಮೈದಾನಕ್ಕೆ ಕಾಲಿಟ್ಟೊಡನೆ ಏನಾಗುತ್ತದೋ ನನಗೂ ತಿಳಿಯದು. ಬ್ಯಾಗಿನಲ್ಲಿ ಬಗೆಬಗೆಯ ಕೋಲುಗಳಿರುತ್ತವೆ, ಒಂದೊಂದೂ ಒಂದೊಂದು ದೂರಕ್ಕೆ. ನನ್ನ ಕೈ ಹೋಗುವುದು ಮಾತ್ರ ಎಲ್ಲಕ್ಕಿಂತ ಉದ್ದನೆಯ ಕೋಲಿಗೆ, ಅಂದರೆ ಡ್ರೈವರಿಗೆ. ಮಿಕ್ಕವನ್ನು ಹೊತ್ತು ತಿರುಗುವುದು ವ್ಯಾಯಾಮಕ್ಕೆ!

ನನ್ನ ಹೆಂಡತಿ ಗಿರಿಜಾ ಧಾರವಾಡದ ಸಪ್ತಾಪುರದ ಹೆಣ್ಣುಮಗಳು, ಹೈಸ್ಕೂಲಿನಲ್ಲಿ ಗಣಿತದ ಟೀಚರ್. ವಾಕಿಂಗ್ ಆಗಲಿ ಎಂದು ನನ್ನ ಜೊತೆ ಮೈದಾನಕ್ಕೆ ಬಂದವಳು ಆಟವನ್ನೂ ಕಲಿತಳು. ಅವಳ ಚೆಂಡು ಬಹಳ ದೂರ ಹೋಗುವುದಿಲ್ಲ, ಆದರೆ ಹೇಳಿದ ಜಾಗಕ್ಕೆ ಹೋಗುತ್ತದೆ. ನನ್ನದು ಬಹಳ ದೂರ ಹೋಗುತ್ತದೆ. ಎಲ್ಲಿಗೆ ಎಂದು ಮಾತ್ರ ಕೇಳಬಾರದು.

ನಮ್ಮ ಮೈದಾನದಲ್ಲಿ ಆಗಾಗ ಜೋಡಿ ಪಂದ್ಯ ನಡೆಯುತ್ತದೆ. ಜೋಡಿ ಯಾರಾದರೂ ಆಗಬಹುದು, ಹೆಚ್ಚಾಗಿ ಬರುವವರು ಗಂಡ-ಹೆಂಡಿರು. ಇದರ ನಿಯಮ ಬಹಳ ಸರಳ, ಬಹಳ ಅಪಾಯಕಾರಿ. ಜೋಡಿಗೆ ಒಂದೇ ಚೆಂಡು. ಒಂದು ಹೊಡೆತ ಗಂಡನದು, ಮುಂದಿನದು ಹೆಂಡತಿಯದು. ಒಬ್ಬರು ಬೀಳಿಸಿದಲ್ಲಿಂದಲೇ ಇನ್ನೊಬ್ಬರು ಹೊಡೆಯಬೇಕು. ಪ್ರತಿ ಸಲವೂ ನಮಗೆ ಕೊನೆಯ ಸ್ಥಾನ. ಅದಕ್ಕೆ ಕಾರಣ ಯಾರೆಂದು ಮೈದಾನದ ನಾಯಿಗೂ ಗೊತ್ತಿತ್ತು.

ಆ ಭಾನುವಾರ ಪಂದ್ಯಕ್ಕೆ ಹೊರಡುವಾಗ ಗಿರಿಜಾ ಶೂ ಲೇಸು ಕಟ್ಟುತ್ತ ಅಂದಳು: "ನೋಡ್ರಿ, ಇವತ್ತೊಂದ ದಿನ ನಾ ಹೇಳಿದ ಕೋಲು ತಗೋರಿ. ಗೆಲ್ಲೂದು ಬ್ಯಾಡ, ಮರ್ಯಾದಿಲೆ ಆಡಿ ಬರೂಣು. ಇಲ್ಲಂದ್ರ ಮುಂದಿನ ಸಲ ನಿಮ್ಮ ಜೋಡಿ ನಾ ಬರಂಗಿಲ್ಲ."

"ನಿನ್ನಾಣಿ ಗಿರಿಜಾ, ಡ್ರೈವರ್ ಮುಟ್ಟಂಗಿಲ್ಲ!" ಅಂದೆ.

ನಾನು ನಕ್ಕೆ, ಅವಳು ನಗಲಿಲ್ಲ. ಅವಳಿಗೆ ಈ ಆಟದ ಮೇಲೆ ನಿಜವಾಗಿಯೂ ಪ್ರೀತಿ ಹುಟ್ಟಿತ್ತು. ನನ್ನ ಜೊತೆಗೇ ಆಡಬೇಕೆಂಬ ಆಸೆಯೂ ಇತ್ತು. ಇದು ಅವಳು ಕೊಟ್ಟ ಕೊನೆಯ ಅವಕಾಶ.

ನಂಬಿದರೆ ನಂಬಿ, ನಾನು ಅವಳು ಹೇಳಿದಂತೆ ಕೇಳಿದೆ! ಸಣ್ಣ ಕೋಲು ಹಿಡಿದು ಹದವಾಗಿ ಹೊಡೆದೆ. ಚೆಂಡು ಹುಲ್ಲಿನ ನಡುವೆ ಬಿದ್ದು ಗಿರಿಜಾಳಿಗಾಗಿ ಕಾಯುತ್ತಿತ್ತು. ಅವಳು ಅದನ್ನು ನೇರವಾಗಿ ಹೋಲ್ ಎನ್ನುವ ಗುಂಡಿಯ ಬಾವುಟದ ಕಡೆ ಕಳಿಸುತ್ತಿದ್ದಳು. ಕೊನೆಯ ಹೋಲಿಗೆ ಬರುವ ಹೊತ್ತಿಗೆ ನಾವು ಎಲ್ಲರಿಗಿಂತ ಒಂದು ಹೊಡೆತ ಮುಂದಿದ್ದೆವು. ಗಿರಿಜಾ ಹಾಡು ಗುನುಗುತ್ತ ನಡೆಯುತ್ತಿದ್ದಳು.

ಕೊನೆಯ ಹೋಲಿನ ದಾರಿಯಲ್ಲಿ ಒಂದು ನೀರಿನ ಹೊಂಡವಿದೆ. "ಹೊಂಡದ ಈಚಿ ನಿಲ್ಲಿಸ್ರಿ, ಸಾಕು. ದಾಟಸೂದು ನನಗ ಬಿಡ್ರಿ," ಅಂದಳು. ನಾನು ಸಣ್ಣ ಕೋಲಿಗೆ ಕೈ ಹಾಕಿದೆ. ಆಗ, ತಮ್ಮ ಹೆಂಡತಿ ಶಾಂತಕ್ಕನೊಂದಿಗೆ ನಮ್ಮ ಎದುರು ಆಡುತ್ತ, ಎರಡನೆಯ ಸ್ಥಾನದಲ್ಲಿದ್ದ ವಕೀಲ ಪಾಟೀಲರು ಗಂಟಲು ಸರಿಪಡಿಸಿಕೊಂಡರು.

"ಯಾಕ್ರಿ ಸಾವಕಾರ್ರ, ಸಣ್ಣ ಕೋಲು? ತೋಳಿನ್ಯಾಗ ಕಸುವು ಮುಗೀತೇನು?"

"ನೀವು ಸುಮ್ಮನಿರ್ರಿ. ಅವರ ಆಟ ಅವರು ಆಡ್ಲಿ," ಎಂದು ಶಾಂತಕ್ಕ ಗದರಿದರು.

ತಡವಾಗಿತ್ತು. ನನ್ನೊಳಗೆ ಆಗಲೇ ಒಂದು ತುರ್ತು ಸಭೆ ಸೇರಿತ್ತು. ವಿಷಯ: ವಂಶದ ಗೌರವ. ಸಭೆಗೆ ಗಿರಿಜಾಳಿಗೆ ಆಹ್ವಾನವಿರಲಿಲ್ಲ. ಡ್ರೈವರ್ ಹಿಡಿಯತಕ್ಕದ್ದೆಂದು ಸರ್ವಾನುಮತದಿಂದ ಠರಾವು ಪಾಸಾಯಿತು.

"ರೀ!" ಅಂದಳು ಗಿರಿಜಾ. ಹೊಡೆದಾಗಿತ್ತು!

ಎಂಥಾ ಹೊಡೆತ ಅಂತೀರಿ! ಚೆಂಡು ಹೊಂಡ ದಾಟಿತು. ವಕೀಲರು ಚಪ್ಪಾಳೆ ತಟ್ಟಿದರು. ಬಾವುಟವನ್ನೂ ದಾಟಿತು. ಚಪ್ಪಾಳೆ ಇನ್ನೂ ಜೋರಾಯಿತು. ಆಮೇಲೆ ಹಿಂದಿನ ದಿಬ್ಬವನ್ನು ದಾಟಿ, ಮೈದಾನದ ಅಂಚಿನ ಜಾಲಿಕಂಟಿಯ ಮುಳ್ಳುಪೊದೆಯೊಳಗೆ ಹೋಗಿ ಕುಳಿತಿತು. ಜನ್ಮದಲ್ಲಿ ಅಷ್ಟು ದೂರ ನಾನು ಹೊಡೆದಿರಲಿಲ್ಲ. ಎದೆಯುಬ್ಬಿಸಿ ಕಂಟಿಯ ತನಕ ನಡೆದೆ. ಅಲ್ಲಿ ನಿಂತ ಮೇಲೆ ನೆನಪಾಯಿತು, ಮುಂದಿನ ಹೊಡೆತ ನನ್ನದಲ್ಲ!

"ಒಂದು ಹೊಡೆತ ದಂಡ ಕೊಟ್ಟು ಹೊರಗ ಇಡೂಣೇನು?" ಎಂದು ಮೆಲ್ಲಗೆ ಕೇಳಿದೆ.

"ನಾವು ಮುಂದಿರೂದು ಆ ಒಂದ ಹೊಡೆತಲೇ," ಅಂದಳು. ದುಪಟ್ಟಾ ಸೊಂಟಕ್ಕೆ ಬಿಗಿದು ಕಂಟಿಯೊಳಗೆ ನುಗ್ಗಿದಳು. ಕೋಲು ಎತ್ತಲು ಜಾಗವಿರಲಿಲ್ಲ. ಚೆಂಡು ಗೇಣುದ್ದ ಉರುಳಿ ಇನ್ನೂ ಒಳಗೆ ಸೇರಿತು. ಮುಂಗೈ ಮೇಲಿನ ರಕ್ತ ಒರೆಸಿಕೊಳ್ಳುತ್ತ ಹೊರಬಂದಳು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಈಗ ನಿಮ್ಮ ಪಾಳಿ."

ನಾನು ಒಳಗೆ ಹೋದೆ. ಟೋಪಿ ಮೇಲೆ ಉಳಿಯಿತು, ಅಂಗಿಯ ತೋಳು ಹಿಂದೆ ಉಳಿಯಿತು. ನಾನು ಹೊಡೆದ ಚೆಂಡು ಬೊಡ್ಡೆಗೆ ಬಡಿದು ನನ್ನ ಬೂಟಿನ ಹತ್ತಿರವೇ ವಾಪಸು ಬಂತು. ಹೊರಗೆ ಗಿರಿಜಾ ಕೈ ಮುಗಿಯುವುದು ಮುಳ್ಳಿನ ಸಂದಿಯಿಂದ ಕಾಣಿಸಿತು. "ಶಾಂತಕ್ಕಾ, ನೀವ ಗೆದ್ರಿ," ಅನ್ನುತ್ತಿದ್ದಳು.

ಕಾರಿನಲ್ಲಿ ಸಮಾಧಾನ ಮಾಡೋಣವೆಂದು ನಾನೇ ಬಾಯಿಬಿಟ್ಟೆ: "ಹೊಡೆತ ಮಾತ್ರ ಛಲೋ ಇತ್ತು, ಅಲ್ಲೇನು?"

"ಚೆಂಡು ಎಷ್ಟು ದೂರ ಹೋಗತೈತಿ ಅಂತ ನೋಡಿದ್ರಿ. ಅಲ್ಲಿ ಹೋಗಿ ನಿಂದರಾಕಿ ಯಾರು ಅಂತ ನೋಡಲಿಲ್ಲ," ಅಂದಳು.

ನನಗೆ ನಿಜವಾಗಿ ನಾಚಿಕೆಯಾಯಿತು. ಸಣ್ಣ ಕೋಲು ಹಿಡಿಯುವುದೆಂದರೆ ಅಂಜುಬುರುಕತನ ಎಂದು ತಿಳಿದಿದ್ದೆ. ಮುಂದೆ ಹೊಡೆಯುವವರಿಗೆ ನಿಲ್ಲಲು ಒಳ್ಳೆಯ ಜಾಗ ಬಿಟ್ಟುಕೊಡುವುದು ಅದರ ಕೆಲಸ. ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ನನಗೆ ಇದು ಹೊಳೆದಿರಲಿಲ್ಲ. ಮನೆಯಲ್ಲೂ ನಾನು ಎಷ್ಟು ಸಲ ಹೀಗೆ ಬಾರಿಸಿ, ಅವಳನ್ನು ಮುಳ್ಳಿನಲ್ಲಿ ನಿಲ್ಲಿಸಿದ್ದೇನೋ!

ಮುಂದಿನ ಪಂದ್ಯಕ್ಕೆ ಗಿರಿಜಾ ಶಾಂತಕ್ಕನ ಜೋಡಿಯಾದಳು. ವಕೀಲರು ನನ್ನ ಪಾಲಿಗೆ ಬಂದರು. ಹೆಂಗಸರಿಬ್ಬರೂ ಡ್ರೈವರ್ ಮುಟ್ಟದೆ, ಹರಟೆ ಹೊಡೆಯುತ್ತ ಆಡಿ ಗೆದ್ದರು. ವಕೀಲರೂ ನಾನೂ ಭಾರಿ ದೂರ ಹೊಡೆದೆವು, ಭಾರಿ ಹೊತ್ತು ಚೆಂಡು ಹುಡುಕಿದೆವು, ಕೊನೆಯ ಸ್ಥಾನ ಪಡೆದೆವು.

ಮನೆಗೆ ಬಂದು, ಅವಳಿಗೆ ನಾನೇ ಚಹಾ ಮಾಡಿ ಕೊಟ್ಟು ಕೇಳಿದೆ: "ಗಿರಿಜಾ, ನಾ ಈಗ ಖರೇನ ಸುಧಾರಿಸೇನಿ. ಮತ್ತ ನಮ್ಮ ಜೋಡಿ?"

ಅವಳು ಚಹಾ ಕುಡಿದು, ನನ್ನನ್ನೊಮ್ಮೆ ಅಂತಃಕರಣದಿಂದಲೇ ನೋಡಿ ಅಂದಳು:

"ಮನ್ಯಾಗ ಜೋಡಿ ಅದೀವಲ್ರಿ. ಅಷ್ಟ ಸಾಕು ಬಿಡ್ರಿ!"