ಗುರುಶಾಂತಪ್ಪನವರು ಕುರ್ಚಿ ಗೆದ್ದ ಪರಿ

ಕೃತಯುಗದಲ್ಲಿ ತಪಸ್ಸಿಗೆ, ತ್ರೇತಾಯುಗದಲ್ಲಿ ಯಜ್ಞಕ್ಕೆ, ದ್ವಾಪರದಲ್ಲಿ ಪೂಜೆಗೆ ವರಗಳು ಒಲಿದವು. ಈ ಕಲಿಯುಗದಲ್ಲಿ ಮಾತ್ರ ಅರ್ಜಿಗೆ ಒಲಿಯುತ್ತವೆ, ಅದೂ ಮೂರು ಪ್ರತಿಗಳಲ್ಲಿದ್ದರೆ. ಹೇ ಕಡತಗರ್ಭವಾಸಿನಿಯೇ, ರಕ್ತಸೂತ್ರಾಲಂಕೃತೆಯೇ, ಧೂಳಿಧೂಸರಕಪಾಟನಿಲಯೆಯೇ, ನನ್ನ ನಾಲಗೆಯ ಮೇಲೆ ಅರ್ಧ ತಾಸು ಕೂತುಕೋ ತಾಯಿ. ಬೀಜ ಪರೀಕ್ಷಾ ಕಚೇರಿಯ ಹಿರಿಯ ಗುಮಾಸ್ತರೂ, ಟಿಪ್ಪಣಿರಣಧೀರರೂ, ಷರಾಸಾರ್ವಭೌಮರೂ, ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಒಂದೇ ಒಂದು ವಾಕ್ಯವನ್ನೂ ಅರ್ಧ ಪುಟಕ್ಕಿಂತ ಮೊದಲು ಮುಗಿಸದವರೂ ಆದ ಶ್ರೀಮಾನ್ ಗುರುಶಾಂತಪ್ಪ ಸಜ್ಜನರ ಅವರ ಮಹಾಸಮರವನ್ನು ಹೇಳಹೊರಟಿದ್ದೇನೆ. ನಗುವವರು ಕೊನೆಗೆ ನಗಬಹುದು.

ಸಮರ ಯಾತಕ್ಕಾಗಿ? ಒಂದು ಕುರ್ಚಿಗಾಗಿ. ಅವರು ಕೂರುವ ಕುರ್ಚಿ ಒಂಬತ್ತು ವರ್ಷಗಳಿಂದ ಎಡಕ್ಕೆ ವಾಲುತ್ತಿತ್ತು. ವರ್ಷಕ್ಕೊಂದರಂತೆ ಒಂಬತ್ತು ಅರ್ಜಿ ಹೋಗಿದ್ದವು. ಉತ್ತರ ಬಾರದ ಆ ಒಂಬತ್ತರ ಕಚೇರಿಪ್ರತಿಗಳನ್ನೂ ಮಡಚಿ ಅದೇ ಕುರ್ಚಿಯ ಕುಂಟುಗಾಲಿನಡಿ ಇಟ್ಟಿದ್ದರು. ಆದರೂ ಹೋದ ತಿಂಗಳು ಜಿಲ್ಲೆಯ ದೊಡ್ಡ ಸಾಹೇಬರು ತಪಾಸಣೆಗೆ ಬಂದಾಗ, ಎದ್ದು ನಮಸ್ಕರಿಸಹೋದ ನಮ್ಮ ವೀರರು ಕುರ್ಚಿಸಮೇತ ಉರುಳಿ ಸಾಹೇಬರ ಬೂಟಿನ ಬಳಿಯೇ ಬಿದ್ದರು. ಇಡೀ ಕಚೇರಿ ನಕ್ಕಿತು. ಆ ನಗು ಅವರ ಎದೆಯಲ್ಲಿ ಇನ್ನೂ ಮುಳ್ಳಾಗಿ ಚುಚ್ಚುತ್ತಿತ್ತು. ನಿವೃತ್ತಿಗೆ ಇನ್ನು ಎಂಟೇ ತಿಂಗಳು. ಅಷ್ಟು ದಿನವಾದರೂ ನೆಟ್ಟಗೆ ಕೂರಬೇಕೆಂಬುದು ಅವರ ಆಸೆ.

ಸಮರದ ಆ ದಿನ ಉಗ್ರಾಣದಲ್ಲಿ ಉಳಿದದ್ದು ಒಂದೇ ಹೊಸ ಕುರ್ಚಿ. ಸಂಜೆ ನಾಲ್ಕರೊಳಗೆ ಯಾರ ಅರ್ಜಿ ಮೊದಲು ಮುಟ್ಟುವುದೋ ಅವರ ಪಾಲಿಗೆ ಅದು. ಆದರೆ ಹೊಸ ನಿಯಮವೊಂದು ಅಡ್ಡ ನಿಂತಿತ್ತು: ಅರ್ಜಿಗಳನ್ನೆಲ್ಲ ಇನ್ನುಮುಂದೆ ಕಂಪ್ಯೂಟರಿನಲ್ಲಿರುವ ಎಐ ಸಹಾಯಕನಿಂದಲೇ ಬರೆಸಬೇಕು.

ಮಧ್ಯಾಹ್ನ ಎರಡಕ್ಕೆ ಗುರುಶಾಂತಪ್ಪನವರು ಕನ್ನಡಕವನ್ನು ಧೋತರದ ಚುಂಗಿನಿಂದ ಒರೆಸಿ, ಕೀಲಿಮಣೆಯೆಂಬ ಕುರುಕ್ಷೇತ್ರದ ಮುಂದೆ ಎಡಕ್ಕೆ ವಾಲಿಕೊಂಡೇ ಆಸೀನರಾಗಿ ಗರ್ಜಿಸಿದರು: “ಎಲೈ ಯಂತ್ರವೇ! ಹನ್ನೊಂದು ಮಂದಿ ಅಧಿಕಾರಿಗಳನ್ನು ಟಿಪ್ಪಣಿಯ ಮಡುವಿನಲ್ಲಿ ಮುಳುಗಿಸಿ ತೇಲಿಸಿದ ಹಸ್ತವಿದು. ನನ್ನದೊಂದು ‘ಆದಾಗ್ಯೂ’ ಬಿದ್ದರೆ ಎಂಥ ಕಡತವೂ ಆರು ತಿಂಗಳು ಮೇಲೇಳದು. ನೀನೆಷ್ಟರವನು?”

“ಸರ, ಅದಕ್ಕ ಕೇಳಸೂದಿಲ್ರಿ. ಟೈಪ್ ಮಾಡ್ರಿ,” ಎಂದಳು ಪಕ್ಕದ ಮೇಜಿನ ಬೆರಳಚ್ಚುಗಾರ್ತಿ ಶಾಹಿದಾಬಾನು ನದಾಫ.

ಅವರು ಟೈಪಿಸಿದರು: “ಮಾನ್ಯರೇ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಈ ಶಾಖೆಯಲ್ಲಿ ಬಹುಕಾಲದಿಂದ ಅನುಭವಿಸಲಾಗುತ್ತಿರುವ ಅನಾನುಕೂಲತೆಯನ್ನು ತಮ್ಮ ಅವಗಾಹನೆಗೆ ತರುತ್ತಾ, ಮುಂದಿನ ಸೂಕ್ತ ಕ್ರಮಕ್ಕಾಗಿ ಸಲ್ಲಿಸಿದೆ.”

ಕುರ್ಚಿ ಎಂಬ ಮಾತೇ ಇಲ್ಲವಲ್ಲ ಎನ್ನುತ್ತೀರಾ? ಅದೇ ಆ ಕಚೇರಿಯ ಕುಲಧರ್ಮ. ಕೆಳಗಿನವರು ಬೇಕು ಅನ್ನಬಾರದು, ಮೇಲಿನವರು ಇಲ್ಲ ಅನ್ನಬಾರದು. ಕೆಲಸಕ್ಕೆ ಸೇರಿದ ಮೊದಲ ದಿನವೇ ಹಿರಿಯರು ಕಿವಿಯಲ್ಲಿ ಊದಿದ ಮಂತ್ರವದು, ಅವರ ಒಂಬತ್ತೂ ಅರ್ಜಿಗಳು ಅದೇ ಧರ್ಮಕ್ಕೆ ಬದ್ಧವಾಗಿದ್ದವು.

ಯಂತ್ರ ವಿನಯದಿಂದ ಉತ್ತರಿಸಿತು: “ನಮಸ್ಕಾರ. ಖಂಡಿತ ಬರೆದುಕೊಡುತ್ತೇನೆ. ಪತ್ರ ಯಾರಿಗೆ? ನಿಮಗೆ ಏನು ಬೇಕು?”

“ಅಬಬಬ! ಏನ್ ಬೇಕು ಅಂತ ಮಾರಿ ಮ್ಯಾಲೇ ಕೇಳ್ತೈತಲ್ಲವಾ ಇದು!” ವೀರರ ಮುಖ ಕೆಂಪೇರಿತು. “ಮೂವತ್ತು ವರ್ಷದಾಗ ನನ್ನ ಹೆಂಡ್ತಿ ಸೈತ ಹಿಂಗ ಕೇಳಿಲ್ಲ!”

ಅಪಮಾನಿತ ವೀರರು ಎರಡನೆಯ ಅಸ್ತ್ರಕ್ಕೆ ಕೈಹಾಕಿದರು. ಅದು ಉಲ್ಲೇಖಾಸ್ತ್ರ. ಮೇಜಿನ ಕೆಳಗೆ ಬಗ್ಗಿ, ಕುಂಟುಗಾಲಿನಡಿಯ ಒಂಬತ್ತು ಅರ್ಜಿಗಳನ್ನೂ ಎಳೆದು, ಧೂಳು ಕೊಡವಿ, ಒಂದೊಂದರ ಸಂಖ್ಯೆ, ದಿನಾಂಕ, ಸಾರವನ್ನೆಲ್ಲ ಒಂದೂಕಾಲು ಗಂಟೆ ಟೈಪಿಸಿ, ಕೊನೆಗೆ ಮತ್ತೆ ಸೂಕ್ತ ಕ್ರಮಕ್ಕಾಗಿ ಸಲ್ಲಿಸಿದರು. ಆಧಾರ ತಪ್ಪಿದ ಕುರ್ಚಿ ಆ ಹೊತ್ತಿಗೆ ಇನ್ನಷ್ಟು ವಾಲಿತ್ತು. ಕ್ಷಣಮಾತ್ರದಲ್ಲಿ ಯಂತ್ರ ಒಂಬತ್ತು ಪುಟಗಳ ಸಮಗ್ರ ವರದಿಯನ್ನು ಸುರಿಯಿತು. ಮುದ್ರಿಸದ ಕಾಗದ ಕಾಗದವೇ ಅಲ್ಲವೆಂದು ನಂಬಿದ್ದ ಅವರು ಅಷ್ಟನ್ನೂ ಮುದ್ರಿಸಿ ಓದಿದರು. ಕೊನೆಯ ಸಾಲು ಹೀಗಿತ್ತು: “ಮುಂದಿನ ಸೂಕ್ತ ಕ್ರಮಕ್ಕಾಗಿ ತಮಗೇ ಸಲ್ಲಿಸಿದೆ.”

ಅಯ್ಯೋ ಪಾಪ! ಮೂವತ್ತೊಂದು ವರ್ಷ ಊರಿಗೆಲ್ಲ ಬಿಟ್ಟ ಬಾಣ ತಿರುಗಿ ಅವರಿಗೇ ನಾಟಿತು. ಗಡಿಯಾರ ಮೂರೂ ನಲವತ್ತು ತೋರಿಸುತ್ತಿತ್ತು.

“ದಾಖಲೆ ಶಾಖೆಯವ್ರೂ ಬರ್ಯಾಕ ಕುಂತಾರಂತ್ರಿ ಸರ,” ಎಂದಳು ಶಾಹಿದಾ. “ನೀವು ಸುತ್ತಿ ಬಳಸಿ ಹೇಳಿದ್ರ ಅದಕ್ಕೇನ್ ತಿಳಿತೈತ್ರಿ? ಯಾರಿಗೆ, ಏನು, ಯಾಕ, ಎಷ್ಟು ಸಾಲು. ಇಷ್ಟ ಹೇಳ್ರಿ. ಈಗ ನಿಮಗ ಏನ್ ಬೇಕಾಗೈತಿ?”

“ಕುರ್ಚಿ ಬೇಕವಾ!” ಎಂದು ಗುರುಶಾಂತಪ್ಪನವರು ಕೂಗಿಯೇಬಿಟ್ಟರು. “ನೆಟ್ಟಗ ನಿಲ್ಲೂದೊಂದು ಕುರ್ಚಿ! ಎಲ್ಲಾರ ಮುಂದ ಮತ್ತ ಬೀಳಾಕ ನನಗ ಆಗೂದಿಲ್ಲ!”

ಯಾರೂ ನಗಲಿಲ್ಲ.

“ಅದನ್ನ ಬರೀರಿ,” ಎಂದಳು ಶಾಹಿದಾ ಮೆಲ್ಲಗೆ.

ಬರೆದರು: “ಉಗ್ರಾಣದ ಯಲ್ಲಪ್ಪ ಹಾದಿಮನಿಗೆ ಅರ್ಜಿ ಬರಿ. ನನಗೊಂದು ಕುರ್ಚಿ ಬೇಕು. ಹಳೆಯದು ವಾಲುತ್ತದೆ, ಹೋದ ತಿಂಗಳು ಬಿದ್ದೆ. ನಾಲ್ಕು ಸಾಲು ಸಾಕು.” ಹಿಂದೆಂದೂ ಇಷ್ಟು ಬತ್ತಲಾಗಿ ಬರೆದವರಲ್ಲ, ಕಿವಿಯವರೆಗೆ ನಾಚಿಕೆಯಾಯಿತು. ಯಂತ್ರ ನಾಲ್ಕೇ ಸಾಲಿನ ಅಚ್ಚುಕಟ್ಟಾದ ಅರ್ಜಿ ಕೊಟ್ಟಿತು.

ಹಳೆಯ ಒಂಬತ್ತು ಅರ್ಜಿಗಳನ್ನೂ ಅದಕ್ಕೆ ಲಗತ್ತಿಸಿ, ಹಳೆಯ ಕುರ್ಚಿಯನ್ನು ಶಿರದ ಮೇಲೆ ಧರಿಸಿ, ಪಡಸಾಲೆಯೆಂಬ ಮಹಾರಣ್ಯವನ್ನು ದಾಟಿ, ಚಹಾಲೋಟಗಳ ತಟ್ಟೆಯೊಂದನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡು, ಮೂರೂ ಐವತ್ತೆಂಟಕ್ಕೆ ವೀರರು ಉಗ್ರಾಣದ್ವಾರ ತಲುಪಿದರು. ಯಲ್ಲಪ್ಪ ಅರ್ಜಿ ಓದಿದ. “ಕುರ್ಚಿ ಬೇಕಂತ ಬಾಯಿಬಿಟ್ಟು ಹೇಳಿದ್ರ ಹೋದ ವರ್ಷಾನ ಕೊಡ್ತಿದ್ನಲ್ರೀ!” ಎಂದವನು, ಹಳೆಯದರ ಮೇಲೆ ಕೂತು ಅತ್ತಿತ್ತ ಅಲ್ಲಾಡಿ ನೋಡಿದ. “ಇದೂ ಗಟ್ಟಿ ಐತಲ್ರಿ ಸರ, ಏನೂ ವಾಲೂದಿಲ್ಲ.” ಆದರೆ ಜಯೋನ್ಮತ್ತರ ಕಿವಿಗೆ ಅಂಥ ಮಾತು ಬೀಳುವುದುಂಟೇ? ಅವರು ಆಗಲೇ ಹೊಸ ಸಿಂಹಾಸನವನ್ನು ಹೊತ್ತು ಹೊರಟಾಗಿತ್ತು.

ಎಲ್ಲರೂ ಎದ್ದು ನಿಂತು ನೋಡುತ್ತಿದ್ದರು. ಗುರುಶಾಂತಪ್ಪನವರು ಕುರ್ಚಿಯನ್ನು ತಮ್ಮ ಜಾಗದಲ್ಲಿ ಸ್ಥಾಪಿಸಿ, ಮೇಜಿಗೊಮ್ಮೆ ಕೈಮುಗಿದು, ಚಕ್ರವರ್ತಿಯ ಗಾಂಭೀರ್ಯದಿಂದ ಕುಳಿತರು.

ಕುರ್ಚಿ ಎಡಕ್ಕೆ ವಾಲಿತು.

ಶಾಹಿದಾ ಬಗ್ಗಿ ನೋಡಿ ಸೆರಗನ್ನು ಬಾಯಿಗೊತ್ತಿಕೊಂಡಳು. “ಸರ, ಕುರ್ಚಿ ಅಲ್ರಿ. ಇಲ್ಲಿ ನೆಲಾನ ತಗ್ಗೈತ್ರಿ.”

ಗುರುಶಾಂತಪ್ಪನವರೂ ಬಗ್ಗಿ ಆ ತಗ್ಗನ್ನು ನೋಡಿದರು. ಆಮೇಲೆ ಮೇಜಿನ ಮೇಲಿದ್ದ ಒಂಬತ್ತು ಪುಟದ ವರದಿಯನ್ನು ಎರಡು ಸಲ ಮಡಚಿ ಕುರ್ಚಿಯ ಕಾಲಿನಡಿ ತೂರಿಸಿ, ಮೆತ್ತಗೆ ಕೂತು, ಅತ್ತಿತ್ತ ಸರಿದು ಪರೀಕ್ಷಿಸಿದರು. ಅಲ್ಲಾಡಲಿಲ್ಲ.

“ಸರಿಯಾಗಿ ಕುಂತೈತಿ ನೋಡವಾ,” ಎಂದರು. “ಎಂಟು ತಿಂಗಳಿಗೆ ಸಾಕು.”