ನೂರನೆಯವನಿಗೆ ಕೊಟ್ಟ ಮುಡಿ

ಕನಕರಾಜನ ತಲೆಗೂದಲಿಗೆ ಗಂಡಾಂತರ ಒದಗಿದ್ದು ಅಮೆರಿಕದಿಂದ.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರು ಕೋಳಿ ಕೂಗುವ ಮೊದಲೇ ಒಲೆ ಹೊತ್ತಿಸುತ್ತಾರೆ. ಆ ಹೊತ್ತಿನಲ್ಲಿ ಮೊಬೈಲಿನಲ್ಲಿ ನೇರವಾಗಿ ನೋಡಸಿಗುವ ಆಟವೆಂದರೆ ಭೂಮಂಡಲದ ಆ ಬದಿಯಲ್ಲಿ ಸಂಜೆಯ ದೀಪದಡಿ ನಡೆಯುವ ಬೇಸ್‌ಬಾಲ್. ಗೌರಿಬಿದನೂರಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಮಿಕ್ಕ ಟೋಪಿಗಳು ಒಮ್ಮೆ ಸಂತೆಗೆ ರಾಶಿಯಾಗಿ ಬಂದಿದ್ದವು. ಅವುಗಳ ಹಣೆಯ ಮೇಲೆ ಒಂಟಿ ಕಾಲಿನಲ್ಲಿ ನಿಂತ ಕೊಕ್ಕರೆಯ ಕಸೂತಿ. ಆ ಕೊಕ್ಕರೆ ಯಾರದೆಂದು ಹುಡುಕಹೊರಟವನು ಕನಕರಾಜನ ಸೋದರಮಾವನ ಮಗ ಅಂಬರೀಶ. ಅದು ಅಮೆರಿಕದ ಯಾವುದೋ ನದಿತೀರದ ತಂಡದ್ದೆಂದು ಕಂಡುಹಿಡಿದವನೂ ಅವನೇ. ಅಂದಿನಿಂದ ರೇಷ್ಮೆಗೂಡಿನ ಮಾರುಕಟ್ಟೆಯ ಎದುರಿನ ಮುನಿನಾರಾಯಣಪ್ಪನ ಟೀ ಹೋಟೆಲಿನಲ್ಲಿ ಕೊಕ್ಕರೆ ತಂಡದ ಭಕ್ತಮಂಡಳಿ ಪ್ರತಿಷ್ಠಾಪನೆಗೊಂಡಿತು.

ಮಂಡಳಿಯ ಭಕ್ತಿ ದೊಡ್ಡ ತಂಡಕ್ಕಿಂತ ಅದರ ಕೆಳಗಿನ ಕಿರಿಯ ತಂಡಗಳ ಹುಡುಗರ ಮೇಲೆ ಹೆಚ್ಚು. ಆ ಹುಡುಗರು ನಾಲ್ಕು ಮೆಟ್ಟಿಲು ಹತ್ತಿದ ಮೇಲಷ್ಟೇ ದೊಡ್ಡ ಮೈದಾನ ಕಾಣುತ್ತಾರೆಂದು ತಿಳಿದಾಗ, ಹುಳು ಸಾಕುವ ರವಿಚಂದ್ರ ತೊಡೆ ತಟ್ಟಿ, "ಅಯ್ಯೋ, ಇದು ನಮ್ಮ ಹುಳಾನೇ ಕಣ್ರೋ! ನಾಲ್ಕು ಸಲ ಪೊರೆ ಬಿಟ್ಟು, ಹಣ್ಣಾಗಿ, ಆಮೇಲೆ ಗೂಡು ಕಟ್ಟೋದು" ಎಂದಿದ್ದ. ಆ ಕ್ಷಣದಿಂದ ಬೇಸ್‌ಬಾಲ್ ಶಿಡ್ಲಘಟ್ಟದ ಸ್ವಂತ ವಿದ್ಯೆಯಾಯಿತು.

ಮಂಡಳಿಯ ಇಷ್ಟದೈವ ಎಲಿಯಾಸ್ ಎಂಬ ಹತ್ತೊಂಬತ್ತರ ಚೆಂಡೆಸೆತಗಾರ. ಆ ಹೆಸರು ಹೋಟೆಲಿನ ಬೆಂಚಿನ ಮೇಲೆ ಒಂದು ವಾರ ಉರುಳಾಡಿ ಎಲ್ಲಪ್ಪನೆಂದಾಯಿತು. ಎಲ್ಲಪ್ಪನ ಮೊಣಕೈ ಉಳುಕಿದ ಬೆಳಗ್ಗೆ ಕನಕರಾಜ ಭಾವಪರವಶನಾಗಿ, ಊರಾಚೆಯ ಗುಡ್ಡದ ವೆಂಕಟರಮಣಸ್ವಾಮಿಯ ದಿಕ್ಕಿಗೆ ಕೈಮುಗಿದು, ಸಕಲರೂ ಕೇಳುವಂತೆ ಸಂಕಲ್ಪ ಮಾಡಿದ್ದ: "ಸ್ವಾಮಿ, ನಮ್ಮ ಹುಡುಗ ಅವರ ದೇಶದ ಕಿರಿಯರಲ್ಲಿ ಮುಂದೆ ಬರೋ ನೂರು ಜನರ ಪಟ್ಟಿಗೆ ಸೇರಲಿ. ಸೇರಿದ ದಿನವೇ ಸೂರ್ಯ ಮುಳುಗೋದ್ರೊಳಗೆ ನಿನಗೆ ಮುಡಿ ಕೊಡ್ತೀನಿ."

ಕನಕರಾಜ ಸೊಸೈಟಿಯೊಂದರ ಗುಮಾಸ್ತ, ಅವಿವಾಹಿತ. ಎತ್ತರವಿರಲಿಲ್ಲ, ಬಣ್ಣವಿರಲಿಲ್ಲ, ಮಾತಿನ ಚಮತ್ಕಾರವೂ ಇರಲಿಲ್ಲ. ಕೂದಲಿತ್ತು. ಮಳೆಗಾಲದ ಹಿಪ್ಪುನೇರಳೆ ತೋಟದಂತೆ ಒತ್ತಾಗಿ ಬೆಳೆದಿತ್ತು. ಚಿಂತಾಮಣಿಯ ಚೆನ್ನರಾಯಪ್ಪನವರ ಮನೆಯವರು ಫೋಟೋ ನೋಡಿ, "ಹುಡುಗನ್ನ ಕರ್ಕೊಂಡು ಬನ್ನಿ" ಎಂದು ಹೇಳಿಕಳಿಸಿದ್ದರೆ ಅದು ಆ ಕೂದಲಿನ ಪುಣ್ಯವೆಂದೇ ಅವನ ನಂಬಿಕೆ. ಹೆಣ್ಣು ನೋಡುವ ಶಾಸ್ತ್ರ ಒಂದು ದಿನ ಮಧ್ಯಾಹ್ನಕ್ಕೆ ನಿಗದಿಯಾಗಿತ್ತು. ಅದೇ ದಿನ ಬೆಳಗಿನ ಜಾವ ಆ ಪಟ್ಟಿ ಹೊರಬಿತ್ತು.

ಅಂಬರೀಶ ಮೊಬೈಲ್ ಹಿಡಿದು ಒಂದನೆಯ ಸ್ಥಾನದಿಂದ ಪಾರಾಯಣ ಆರಂಭಿಸಿದ. ಕನಕರಾಜನ ದೇಹದಲ್ಲಿ ಎರಡು ಆತ್ಮಗಳು ಹೊಡೆದಾಡುತ್ತಿದ್ದವು. ಭಕ್ತನ ಆತ್ಮ "ಬರಲಿ, ಬರಲಿ" ಎನ್ನುತ್ತಿತ್ತು. ವರನ ಆತ್ಮ "ಇವತ್ತೊಂದು ದಿನ ಬೇಡಪ್ಪ" ಎಂದು ಗೋಗರೆಯುತ್ತಿತ್ತು. ಐವತ್ತು ದಾಟಿತು, ಎಂಬತ್ತು ದಾಟಿತು. ತೊಂಬತ್ತೊಂಬತ್ತನೆಯ ಹೆಸರೂ ಬೇರೆಯವನದೆಂದಾಗ ಕನಕರಾಜ ಸಂತಾಪದ ಮುಖ ಮಾಡಿಕೊಂಡು ಟೀ ಲೋಟ ಎತ್ತಿದ.

"ನೂರು... ಎಲ್ಲಪ್ಪ!" ಎಂದು ಅಂಬರೀಶ ಕಿರುಚಿದ.

ಟೀ ಕನಕರಾಜನ ಮೂಗಿಗೆ ಹೋಯಿತು. ಕೇಕೆಗಳ ನಡುವೆ ಅವನಿಗೆ ಆಸರೆಯಾಗಿ ಕಂಡವನು ರವಿಚಂದ್ರನೊಬ್ಬನೇ.

"ಕುಣೀಬೇಡ್ರೋ. ಇದೊಂದು ವೆಬ್‌ಸೈಟಿನ ಪಟ್ಟಿ ಅಷ್ಟೆ" ಎಂದು ರವಿಚಂದ್ರ ಪೂರ್ವಪಕ್ಷ ಹೂಡಿದ. "ಇನ್ನೊಂದು ಸೈಟಲ್ಲಿ ಎಲ್ಲಪ್ಪನ ಹೆಸರೇ ಇಲ್ಲ. ಅವರು ಊರೂರು ಸುತ್ತಿ ಹುಡುಗರನ್ನ ಕಣ್ಣಾರೆ ನೋಡ್ತಾರೆ. ಇವರು ಕಂಪ್ಯೂಟರ್ ಮುಂದೆ ಕೂತು ಲೆಕ್ಕ ಹಾಕ್ತಾರೆ. ಗೂಡನ್ನ ಕಿವಿ ಹತ್ರ ಅಲ್ಲಾಡಿಸಿ ನೋಡ್ದೆ ರೇಟು ಕೂಗಿದಂಗೆ!"

"ಕಣ್ಣಾರೆ ನೋಡ್ದೋರು ಹೋದ ವರ್ಷ ಮೂರನೇ ಸ್ಥಾನ ಕೊಟ್ಟೋನು ಏನಾದ? ಎರಡನೇ ಪೊರೇಲೇ ಸಪ್ಪೆರೋಗ ಬಡಿದ ಹುಳದಂಗೆ ಮಲ್ಕೊಂಡ" ಎಂದು ಅಂಬರೀಶ ಖಂಡಿಸಿದ.

ಕನಕರಾಜ ಗಂಟಲು ಸರಿಮಾಡಿಕೊಂಡ. "ರವಿ ಹೇಳೋದು ನಿಜ ಕಣ್ರೋ. ಎಲ್ಲಪ್ಪನ ಚೆಂಡಿಗೆ ವೇಗ ಇದೆ, ಗುರಿ ಇಲ್ಲ. ನೂರರೊಳಗೆ ಸೇರೋ ಮಟ್ಟ ಅಲ್ಲ ಅದು."

ಗರ್ಭಗುಡಿಯೊಳಗೇ ಅರ್ಚಕನು ದೇವರನ್ನು ಬೈದಂತಾಯಿತು.

"ನಿನ್ನೆ ತನಕ ಹತ್ತರೊಳಗೆ ಬರ್ಬೇಕು ಅಂತ ಗಂಟಲು ಹರ್ಕೊಂಡೋನು ನೀನೇ ಅಲ್ವಾ ಭಾವ?" ಎಂದ ಅಂಬರೀಶ. "ಇವತ್ತು ಹೆಣ್ಣು ನೋಡೋಕೆ ಹೋಗ್ಬೇಕು ಅಂತ ಹುಡುಗನ ಮರ್ಯಾದೆ ತೆಗೀತೀಯಾ?"

ತೀರ್ಪಿಗಾಗಿ ಎಲ್ಲರೂ ಮುನಿನಾರಾಯಣಪ್ಪನತ್ತ ತಿರುಗಿದರು. ಅವನು ಟೀ ಸೋಸುತ್ತಿದ್ದ ಜಾಲರಿ ಕೆಳಗಿಟ್ಟು ಕೇಳಿದ: "ಏನಪ್ಪಾ ಕನಕ, ಹರಕೆ ಹೊತ್ತಾಗ ಸ್ವಾಮಿ ಮುಂದೆ ಸೈಟಿನ ಹೆಸರು ಹೇಳಿದ್ಯಾ?"

"ಇಲ್ಲ."

"'ದೇಶದ ಪಟ್ಟಿ' ಅಂದೆ. ಇದೂ ದೇಶದ್ದೇ. ಯಾವ ಸೈಟು ನಂಬ್ಬೇಕು, ಯಾವುದು ಬಿಡ್ಬೇಕು ಅನ್ನೋ ಕೆಲಸಾನೂ ವೆಂಕಟರಮಣಂಗೇ ಹಚ್ತೀಯಾ? ಹೋಗು, ತಲೆ ನೆನೆಸ್ಕೊಂಡು ಬಾ."

ಕನಕರಾಜ ಮನೆಗೆ ಓಡಿದ. ತಾಯಿ ಅಮ್ಮಾಜಮ್ಮ ಮಗನ ಮದುವೆಗಾಗಿ ಶನಿವಾರದ ಊಟ ಬಿಟ್ಟವರು. ಅವರು ಈ ಕೂದಲನ್ನು ಕಾಪಾಡದಿದ್ದರೆ ಇನ್ನಾರು ಕಾಪಾಡಿಯಾರು? ಹೆಣ್ಣು ನೋಡಿಕೊಂಡು ಬಂದು ಸಂಜೆಯೊಳಗೆ ಮುಡಿ ಕೊಟ್ಟರಾಯಿತು ಎಂಬ ಉಪಾಯವನ್ನೂ ಅವನು ದಾರಿಯಲ್ಲೇ ಹೊಸೆದುಕೊಂಡಿದ್ದ.

ಎಲ್ಲವನ್ನೂ ಕೇಳಿ ಅಮ್ಮಾಜಮ್ಮ ಕೆನ್ನೆ ಕೆನ್ನೆ ಬಡಿದುಕೊಂಡರು. "ದೇವರಿಗೆ ಕೊಡಬೇಕಾದ್ದನ್ನ ತಲೆ ಮೇಲೆ ಹೊತ್ಕೊಂಡು ಶುಭಕಾರ್ಯಕ್ಕೆ ಹೊರಡ್ತೀಯೇನೋ? ನಿನಗಿನ್ನೂ ಮದ್ವೆ ಆಗ್ದೇ ಇರೋದು ಇಂಥ ಬುದ್ಧಿಗೇನೇ. ನಡಿ, ಮೊದ್ಲು ಗುಡ್ಡಕ್ಕೆ!"

"ಅಮ್ಮಾ, ಮದ್ವೆ ಆಗ್ಬೇಕಾಗಿರೋದೇ ಈ ಕೂದಲಿನಿಂದ..."

"ಕೂದಲು ಕೊಟ್ಟೋನು ಯಾರು? ಅವನೇ. ಹೆಣ್ಣು ಕೊಡೋನೂ ಅವನೇ."

ಅಂಬರೀಶ ಆಗಲೇ ಕಾರು ತಂದು ನಿಲ್ಲಿಸಿದ್ದ. ಹಿಂದೆ ಎರಡು ಬೈಕುಗಳಲ್ಲಿ ಭಕ್ತಮಂಡಳಿ.

ಗುಡ್ಡದ ಬುಡದ ಮಂಟಪದಲ್ಲಿ ಕ್ಷೌರಿಕನ ಮುಂದೆ ಕುಳಿತ ಕನಕರಾಜ ಕಡೆಯ ಚೌಕಾಸಿಗಿಳಿದ. "ಹೆಂಗಸರು ಮೂರೆಳೆ ಕೊಡ್ತಾರಲ್ಲ, ಹಾಗೇ ಕತ್ತರಿಸಿಬಿಡಿ. ದೇವರಿಗೆ ಭಾವ ಮುಖ್ಯ."

ಕ್ಷೌರಿಕ ಕರುಣಾಳು. ಒಪ್ಪಿ, ಹಿಂದಲೆಯ ಕಾಣದ ಕಡೆಯಲ್ಲಿ ಮೊದಲ ಎಳೆ ಹಿಡಿದ. ಅಷ್ಟರಲ್ಲಿ ಬೆನ್ನಿಗೆ ನಿಂತಿದ್ದ ರವಿಚಂದ್ರನೂ ಅಂಬರೀಶನೂ ಎಲ್ಲಪ್ಪನಿಗೆ ನ್ಯಾಯವಾಗಿ ಸಲ್ಲಬೇಕಾದ ಸ್ಥಾನ ಎಂಬತ್ತೋ ನೂರೋ ಎಂದು ಕೈಕೈ ಮಿಲಾಯಿಸುವ ಹಂತಕ್ಕೆ ಬಂದಿದ್ದರು. "ಅವನಿಗಿಂತ ಮೇಲೆ ಎಡಗೈಲಿ ಎಸೆಯೋರೇ ಏಳು ಜನ ಇದ್ದಾರೆ!" ಎಂದು ರವಿಚಂದ್ರ ತೋಳು ಬೀಸಿದ್ದೇ ತಡ, ಅದು ಕ್ಷೌರಿಕನ ಮೊಣಕೈಗೆ ತಗುಲಿತು. ಕತ್ತರಿ ಹಿಂದಲೆಯಿಂದ ನೆತ್ತಿಯವರೆಗೆ ರಾಜಮಾರ್ಗ ತೆರೆಯಿತು.

"ಇನ್ನು ಪೂರ್ತಿ ತೆಗೀದೆ ವಿಧಿ ಇಲ್ಲ ಸ್ವಾಮಿ" ಎಂದು ಕ್ಷೌರಿಕ ನಿಟ್ಟುಸಿರಿಟ್ಟು ಕತ್ತಿ ಮಸೆದ.

ತಲೆ ತಾಮ್ರದ ಚೊಂಬಿನಂತಾಯಿತು. ಕತ್ತಿ ಕೆನ್ನೆಗಿಳಿದು, ಮೀಸೆಯನ್ನು ಉಳಿಸಿ ಪಕ್ಕದಲ್ಲಿ ಹಾಯುತ್ತಿದ್ದಾಗ ಅಂಬರೀಶ, "ಭಾವ! ಇನ್ನೊಂದು ಸೈಟಿನೋರೂ ಈಗ ಸೇರಿಸಿದ್ರು! ತೊಂಬತ್ತೆಂಟು!" ಎಂದು ಭುಜ ಹಿಡಿದು ಕುಲುಕಿದ. ಅರ್ಧ ಮೀಸೆ ಪಂಚೆಯ ಮೇಲೆ ಬಿತ್ತು. ಉಳಿದರ್ಧವನ್ನು ಸೌಂದರ್ಯದೃಷ್ಟಿಯಿಂದ ತೆಗೆಯಲೇಬೇಕಾಯಿತು.

ಕೊಕ್ಕರೆ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು ಕನಕರಾಜ ಚಿಂತಾಮಣಿ ತಲುಪಿದ. ಹೂವು ಕೊಳ್ಳಲೆಂದು ತಾಯಿ ಬೀದಿಯ ತಿರುವಿನಲ್ಲಿ ಇಳಿದರು. ಅವರಿಗಾಗಿ ಅಂಬರೀಶ ಕಾರಿನೊಂದಿಗೆ ಅಲ್ಲೇ ನಿಂತ. "ನೀನು ನಡೀತಿರು, ಕಾಯಿಸ್ಬಾರ್ದು" ಎಂದು ಕಳಿಸಿದ್ದರಿಂದ ಕನಕರಾಜ ಒಬ್ಬನೇ ಬಾಗಿಲಿಗೆ ಬಂದ. ಎದುರಿಗೆ ಹುಡುಗಿಯ ತಂದೆ ಚೆನ್ನರಾಯಪ್ಪ, ಅವರ ತಾಯಿ ಶ್ಯಾಮಲಮ್ಮ. ಹಿರಿಯರ ಮುಂದೆ ಟೋಪಿ ಧರಿಸಿ ನಿಲ್ಲುವುದು ಸಂಸ್ಕಾರವಲ್ಲ. ಅವನು ಟೋಪಿ ತೆಗೆದು ನಮಸ್ಕರಿಸಿದ.

ಬೋಳು ತಲೆ, ಮೀಸೆಯಿಲ್ಲದ ಮುಖ, ಒಂಟಿಯಾಗಿ ಬಂದ ಮಗ. ಹುಡುಗನ ತಂದೆ ಹಿಂದೆಯೇ ತೀರಿಕೊಂಡದ್ದು ಅವರಿಗೆ ಗೊತ್ತಿತ್ತು. ಇನ್ನುಳಿದವರು ಒಬ್ಬರೇ.

"ಅಯ್ಯೋ ದೇವುಡಾ!" ಎಂದು ಶ್ಯಾಮಲಮ್ಮ ಬಾಗಿಲಿಗೆ ಒರಗಿದರು. "ಅಮ್ಮಾಜಮ್ಮ ಹೋಗ್ಬಿಟ್ರಾ! ಮೊನ್ನೆ ಫೋನಲ್ಲಿ ಎಷ್ಟು ಚೆನ್ನಾಗಿ ಮಾತಾಡಿದ್ರಪ್ಪಾ!"

"ಯಾವಾಗಾಯ್ತಪ್ಪಾ? ಇಂಥಾ ದುಃಖದಲ್ಲೂ ಕೊಟ್ಟ ಮಾತು ಉಳಿಸ್ಕೊಳ್ಳೋಕೆ ಬಂದ್ಯಲ್ಲ!" ಎಂದು ಚೆನ್ನರಾಯಪ್ಪ ಕಣ್ಣೊರೆಸಿಕೊಂಡು, ಸೂತಕದವನನ್ನು ಮುಟ್ಟದೆ ದೂರದಿಂದಲೇ ಸಾಂತ್ವನ ಹೇಳಿದರು. ಕನಕರಾಜ ಬಾಯಿ ತೆರೆದಾಗಲೆಲ್ಲ, "ಮಾತಾಡ್ಬೇಡ, ಗಟ್ಟಿ ಮನಸ್ಸು ಮಾಡ್ಕೋ" ಎಂದು ತಡೆದರು. ಪಕ್ಕದ ಮನೆಯವರು ಕಾಂಪೌಂಡಿನ ಮೇಲೆ ತಲೆಯಿಟ್ಟು ಆಗಲೇ ಲೊಚಗುಟ್ಟುತ್ತಿದ್ದರು.

ಅದೇ ಹೊತ್ತಿಗೆ ಮುಡಿ ತುಂಬ ಕನಕಾಂಬರ ಮುಡಿದು ಅಮ್ಮಾಜಮ್ಮ ಗೇಟು ತೆರೆದು, "ಚೆನ್ನಾಗಿದ್ದೀರಾ ಎಲ್ಲರೂ?" ಎಂದರು.

ಶ್ಯಾಮಲಮ್ಮ ಕಿರುಚಿದ ಸದ್ದಿಗೆ ಬೀದಿಯ ನಾಯಿಗಳು ಎದ್ದು ಓಡಿದವು.

ನೀರು ಕುಡಿಸಿ, ಗಾಳಿ ಬೀಸಿ, ಅದು ಸೂತಕವಲ್ಲ, ಹರಕೆಯೆಂದು ತಿಳಿಸಿದ ಮೇಲೆ ಮನೆಯ ಮುಖವೇ ಬದಲಾಯಿತು. "ಒಳ್ಳೆ ಸಂಬಂಧ ಸಿಗಲಿ ಅಂತ ಹೊತ್ತಿರ್ಬೇಕು. ಈ ಕಾಲದಲ್ಲಿ ಇಂಥ ಹುಡುಗ ಎಲ್ಲಿ ಸಿಗ್ತಾನೆ?" ಎಂದರು ಚೆನ್ನರಾಯಪ್ಪ. ಕನಕರಾಜ ನೆಲ ನೋಡಿದ. ಅಂಬರೀಶ ಕೆಮ್ಮಿದ.

ಹುಡುಗಿ ಜ್ಯೋತಿಲಕ್ಷ್ಮಿ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಹಿತ್ತಲಿನ ನುಗ್ಗೆಮರದ ಕೆಳಗೆ ಇಬ್ಬರನ್ನೇ ಬಿಟ್ಟಾಗ ಅವಳು ನೇರವಾಗಿ ಕೇಳಿದಳು. "ನಿಜವಾಗ್ಲೂ ಯಾರಿಗೋಸ್ಕರ ಕೊಟ್ರಿ?"

ದೇವರ ವಿಷಯದಲ್ಲಿ ಸುಳ್ಳಾಡಲು ಅವನ ನಾಲಿಗೆ ಏಳಲಿಲ್ಲ. ಎಲ್ಲಪ್ಪನ ವೃತ್ತಾಂತವನ್ನೆಲ್ಲ ಹೇಳಿದ.

"ಎಷ್ಟನೇ ಸ್ಥಾನ ಅಂದ್ರಿ?"

"ನೂರನೇದು."

"ಎಷ್ಟರಲ್ಲಿ?"

"ನೂರರಲ್ಲಿ."

ಜ್ಯೋತಿಲಕ್ಷ್ಮಿ ತುಟಿ ಕಚ್ಚಿ ನಗು ತಡೆದಳು. "ನಮ್ಮ ಸ್ಕೂಲಲ್ಲಿ ಕೊನೇ ರ‍್ಯಾಂಕ್ ಬಂದ ಹುಡುಗನ ಅಪ್ಪ ಕಾರ್ಡಿಗೆ ಸೈನ್ ಹಾಕೋಕೂ ಬರಲ್ಲ. ನೀವು ತಲೆಯನ್ನೇ ಕೊಟ್ಟು ಬಂದಿದ್ದೀರಿ."

"ಸಾವಿರಾರು ಹುಡುಗರು ಆಡ್ತಾರೆ ಕಣ್ರೀ, ಅಷ್ಟರಲ್ಲಿ ನೂರು..."

"ಗೊತ್ತಾಯ್ತು ಬಿಡಿ. ಕಂಡೇ ಇಲ್ಲದ ಹುಡುಗನಿಗೆ ಇಷ್ಟು ಮಾಡೋರು ಮನೆಯೋರಿಗೆ ಕಮ್ಮಿ ಮಾಡಲ್ಲ. ಕೂದಲು ಬೆಳೆಯುತ್ತೆ. ನನ್ನ ಕಡೆಯಿಂದ ಒಪ್ಪಿಗೆ."

ಕನಕರಾಜನಿಗೆ ನುಗ್ಗೆಮರ ಕಲ್ಪವೃಕ್ಷವಾಗಿ ಕಂಡಿತು. ಒಳಗೆ ಬಂದು ಕುಳಿತಾಗ ಅವನ ಬೋಳು ತಲೆಯೂ ಬೆಳಗುತ್ತಿತ್ತು. ಚೆನ್ನರಾಯಪ್ಪ ಎಲೆ ಅಡಿಕೆಯ ತಟ್ಟೆಗೆ ಕೈಯಿಟ್ಟರು.

"ನಿಲ್ಲೋ" ಎಂದರು ಶ್ಯಾಮಲಮ್ಮ. "ಒಂದು ಮಾತು ಹೇಳ್ಬೇಕು."

"ಅಮ್ಮಾ, ಈಗ ಅದೆಲ್ಲ ಯಾಕೆ?" ಎಂದು ಮಗ ಮುಜುಗರಪಟ್ಟರು.

"ಈಗಲ್ದೆ ಇನ್ಯಾವಾಗ? ಅಮ್ಮಾಜಮ್ಮ, ಮಗು ಚಿಕ್ಕೋಳಾಗಿದ್ದಾಗ ಕಾಯಿಲೆ ಬಿದ್ದಿದ್ಳು, ಆಸೆಯೇ ಬಿಟ್ಟಿದ್ವಿ. ನಾನು ನಮ್ಮ ಮನೆದೇವ್ರು ನರಸಿಂಹಸ್ವಾಮಿಗೆ ಹೇಳ್ಕೊಂಡೆ. ಇವಳನ್ನ ಉಳಿಸ್ಕೊಡಪ್ಪಾ, ಇವಳ ಕೈ ಹಿಡಿಯೋ ಗಂಡಿನ ಮುಡಿ, ತಾಂಬೂಲ ಬದಲಾಯಿಸೋಕೆ ಮುಂಚೆ ನಿನ್ನ ಪಾದಕ್ಕೆ ಹಾಕಿಸ್ತೀನಿ ಅಂತ. ಬಂದ ಗಂಡುಗಳೆಲ್ಲ ಈ ಮಾತು ಕೇಳ್ತಿದ್ದಂಗೆ ಕ್ರಾಪು ಸವರ್ಕೊಂಡು ಎದ್ದು ಹೋದ್ರು. ನಿಮ್ಮ ಹುಡುಗನ ಫೋಟೋ ನೋಡ್ದಾಗ, ಆಹಾ, ಎಂಥಾ ಕೂದಲು, ಸ್ವಾಮಿಗೆ ತೃಪ್ತಿಯಾಗುತ್ತೆ ಅಂದ್ಕೊಂಡೆ."

ಎಲ್ಲರ ಕಣ್ಣೂ ಕನಕರಾಜನ ನೆತ್ತಿಯ ಮೇಲೆ ನೆಟ್ಟವು. ಅಲ್ಲಿ ಒಂದು ನೊಣ ಕುಳಿತು ಜಾರಿತು.

"ಬೆಳೆದ ಮೇಲೆ ಕೊಡ್ತೀನಿ ಅಜ್ಜಿ" ಎಂದ ಕನಕರಾಜ, ಅಳುವ ದನಿಯಲ್ಲಿ.

"ಈ ಕಾರ್ತೀಕ ದಾಟಿದ್ರೆ ಹುಡುಗಿಗೆ ಗುರುಬಲ ಇಲ್ಲ ಕಣಪ್ಪಾ. ಅಷ್ಟರಲ್ಲಿ ನಿನ್ನ ತಲೇಲಿ ಎಷ್ಟು ಬೆಳೆದೀತು? ಇನ್ನೊಬ್ಬ ದೇವ್ರಿಗೆ ಕೊಟ್ಟು ಮಿಕ್ಕ ಮೊಳಕೆಯನ್ನ ನರಸಿಂಹಂಗೆ ಹಾಕಿದ್ರೆ ಸುಮ್ನಿರ್ತಾನಾ ಅವನು?"

ಶ್ಯಾಮಲಮ್ಮನ ದೃಷ್ಟಿ ಮೆಲ್ಲನೆ ಪಕ್ಕಕ್ಕೆ ಸರಿಯಿತು. ಅಲ್ಲಿ ಅಂಬರೀಶ ಟೋಪಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಅವನ ತಲೆಯಲ್ಲಿ ಕರಿಮೋಡದಂತೆ ಗುಂಗುರು ಗುಂಗುರಾಗಿ ಕೂದಲು.

"ಇವನ್ಯಾರಮ್ಮಾ?"

"ನಮ್ಮಣ್ಣನ ಮಗ" ಎಂದರು ಅಮ್ಮಾಜಮ್ಮ.

"ಮದ್ವೆ?"

"ಎಲ್ಲಿ? ಅವನಿಗೂ ಹುಡುಕಿ ಹುಡುಕಿ ನಮ್ಮಣ್ಣನ ಚಪ್ಪಲಿ ಸವೆದಿದೆ."

ಜ್ಯೋತಿಲಕ್ಷ್ಮಿ ಕನಕರಾಜನನ್ನು ನೋಡಿ ನಿಟ್ಟುಸಿರಿಟ್ಟಳು. ಬಳಿಕ ಅಂಬರೀಶನ ಕಡೆ ತಿರುಗಿದಳು. "ನಿಮ್ಮದೇನಾದ್ರೂ ಹರಕೆ ಬಾಕಿ ಇದೆಯಾ?"

"ಇಲ್ಲ ಮೇಡಂ" ಎಂದ ಅಂಬರೀಶ, ಥಟ್ಟನೆ ಎದ್ದು ನಿಂತು. "ನಾನು ಎಲ್ಲಾನೂ ಭಾವನ ಕೈಲೇ ಹೊರಿಸೋದು." ಆಮೇಲೆ ಶ್ಯಾಮಲಮ್ಮನ ಪಾದ ಮುಟ್ಟಿ, ವಿನಯದಿಂದ ಕೇಳಿದ. "ಅಜ್ಜಿ, ಸ್ವಾಮಿ ದೇವಸ್ಥಾನದ ಬಾಗಿಲು ಎಷ್ಟೊತ್ತಿಗೆ ಹಾಕ್ತಾರೆ?"

ಅರ್ಧ ಗಂಟೆಯಲ್ಲಿ ಎಲ್ಲರೂ ನರಸಿಂಹಸ್ವಾಮಿಯ ಗುಡಿಗೆ ಹೊರಟರು. ಮುಡಿ ಕೊಡಹೊರಟ ವರನ ಗತ್ತಿನಲ್ಲಿ ಅಂಬರೀಶ ಕಾರಿನ ಬೀಗದಕೈಯನ್ನು ಕನಕರಾಜನಿಗೆ ಕೊಟ್ಟು, ತಾನು ಹಿಂದಿನ ಸೀಟಿನಲ್ಲಿ ಹಿರಿಯರ ನಡುವೆ ಕುಳಿತ. ಅಮ್ಮಾಜಮ್ಮ ಮುಂದೆ ಕುಳಿತು, ಕಣ್ಣೊರೆಸಿಕೊಂಡು, ಮಗನ ನುಣ್ಣನೆಯ ತಲೆ ಸವರಿದರು.

"ಬೇಜಾರು ಮಾಡ್ಕೋಬೇಡ ಕಣೋ. ಸದ್ಯ, ಹುಡುಗಿ ಹೊರಗಿನೋರ ಪಾಲಾಗ್ಲಿಲ್ಲ."